ಮಂಗಳವಾರದ ಹದಿನೆಂಟು ಶಿಲಿಂಗ್

ಆಲ್ಮಾ ಹಾವರ್ತ್ ತೀರಿಕೊಂಡಾಗ ನಮ್ಮ ಚಾಪೆಲ್ಲಿನ ತಿಂಗಳ ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು. ‘ಒಳ್ಳೆಯ ಹೆಂಡತಿ, ಒಳ್ಳೆಯ ತಾಯಿ, ನಮ್ಮ ಚಹಾಕೂಟಗಳಿಗೆ ಮೂವತ್ತು ವರ್ಷ ಆಲೂಗಡ್ಡೆ ಪೈ ಮಾಡಿಕೊಟ್ಟವರು.’ ಓದಿ ನನಗೆ ಮೈಯೆಲ್ಲ ಉರಿಯಿತು. ಪೈ ಮಾಡಿದ್ದು ನಿಜ, ಅದರಲ್ಲಿ ಮೆಣಸು ಜಾಸ್ತಿ ಇರುತ್ತಿದ್ದುದೂ ನಿಜ. ಆದರೆ ಒಂದು ಹೆಂಗಸಿನ ಅರವತ್ತೆಂಟು ವರ್ಷಕ್ಕೆ ಪೈ ಒಂದೇನಾ ಲೆಕ್ಕ? ಬರೆದವನು ಹೊಸ ಪಾದ್ರಿ, ಮೊನ್ನೆ ಮೊನ್ನೆ ಬಂದವನು, ಅವನಿಗೇನು ಗೊತ್ತು ಪಾಪ. ಇಪ್ಪತ್ತಾರು ವರ್ಷ ಅಂಚೆ ಕೌಂಟರಿನ ಗಾಜಿನ ಹಿಂದೆ ಕೂತವಳು, ಅವಳ ಪುಸ್ತಕ ಇದ್ದಷ್ಟು ದಿನ ಪ್ರತಿ ಮಂಗಳವಾರ ಅದಕ್ಕೆ ಮೊಹರು ಹೊಡೆದವಳು ನಾನು, ಐರಿಸ್ ಆಶ್ವರ್ತ್. ಗೊತ್ತಿದ್ದನ್ನು ನಾನೇ ಬರೆದಿಡುತ್ತೇನೆ.

ಪುಸ್ತಕ ಎಂದರೆ ಮಕ್ಕಳ ಭತ್ಯೆಯ ಪುಸ್ತಕ. ಆಗ ನಮ್ಮ ಬೀದಿಯಲ್ಲಿ ಹೆಂಗಸರು ‘ಪುಸ್ತಕ’ ಎಂದರೆ ಅದೇ, ಬೈಬಲ್ಲೂ ಅಲ್ಲ, ಇನ್ನೊಂದೂ ಅಲ್ಲ. ವಾರಕ್ಕೊಂದು ಚೀಟಿ, ಮಂಗಳವಾರ ಹರಿದು ಕೊಟ್ಟರೆ ದುಡ್ಡು. ಮೊದಲ ಮಗುವಿಗೆ ಸರ್ಕಾರ ಏನೂ ಕೊಡುತ್ತಿರಲಿಲ್ಲ, ಎರಡನೆಯದರಿಂದ ಮಾತ್ರ. ಇಬ್ಬರು ಮಕ್ಕಳಿದ್ದ ಮನೆಗೆ ಒಂದೇ ಭತ್ಯೆ. ಅದರಲ್ಲೂ ಒಂದು ಕೊಕ್ಕೆ ಇತ್ತು. ದೊಡ್ಡದು ಶಾಲೆ ಬಿಟ್ಟು ಕೆಲಸಕ್ಕೆ ಸೇರಿದ ದಿನ ಸರ್ಕಾರದ ಲೆಕ್ಕದಲ್ಲಿ ಚಿಕ್ಕದೇ ಮೊದಲ ಮಗುವಾಗುತ್ತಿತ್ತು, ಪುಸ್ತಕ ಅಲ್ಲಿಗೇ ನಿಲ್ಲುತ್ತಿತ್ತು. ಚಿಕ್ಕದು ಇನ್ನೂ ಶಾಲೆಗೆ ಹೋಗುತ್ತಿದ್ದರೂ ಅಷ್ಟೇ. ಹೆಂಗಸರು ಕ್ಯೂನಲ್ಲಿ ನಿಂತು ಇದನ್ನು ಬೈಯುತ್ತಿದ್ದರು, ನಾನು ಮೊಹರು ಹೊಡೆಯುತ್ತಿದ್ದೆ.

ಆಲ್ಮಾಗೆ ಇಬ್ಬರು ಹೆಣ್ಣುಮಕ್ಕಳು, ಬ್ರೆಂಡಾ ಮತ್ತು ನಾಲ್ಕು ವರ್ಷ ಚಿಕ್ಕವಳು ಲಿನೆಟ್. ಗಂಡ ಸಿರಿಲ್ ಚಪ್ಪಲಿ ಕಾರ್ಖಾನೆಯಲ್ಲಿ ಕತ್ತರಿಸುವ ಯಂತ್ರದ ಮೇಲೆ ಇದ್ದ. ಲ್ಯಾಂಕಾಷೈರಿನ ಬೇರೆ ಕಡೆಯೆಲ್ಲ ಹತ್ತಿ ಗಿರಣಿ, ನಮ್ಮ ಕಣಿವೆಯಲ್ಲಿ ಮಾತ್ರ ಮನೆಯೊಳಗೆ ಹಾಕಿಕೊಳ್ಳುವ ಉಣ್ಣೆಯ ಚಪ್ಪಲಿ. ಆಲ್ಮಾ ಮನೆಯಲ್ಲೇ ಕೂತು ಆ ಚಪ್ಪಲಿಗಳಿಗೆ ಕುಚ್ಚು ಕಟ್ಟುತ್ತಿದ್ದಳು, ಡಜನ್ನಿಗೆ ಇಷ್ಟು ಅಂತ. ಯಾವಾಗ ನೋಡಿದರೂ ಅವಳ ಕೋಟಿನ ತೋಳಿಗೆ ಕೆಂಪು, ನೀಲಿ ಉಣ್ಣೆಯ ಚೂರು ಅಂಟಿರುತ್ತಿತ್ತು. ಮಾತು ಕಡಿಮೆ. ಆಡಿದರೆ ನೆಟ್ಟಗೆ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ನಮ್ಮಲ್ಲಿ ಗಂಡಸರಲ್ಲಿ ಎರಡು ಜಾತಿ, ಸುರಿಯುವವರು ಮತ್ತು ಸುರಿಯದವರು. ಸುರಿಯುವವನು ಶುಕ್ರವಾರ ಸಂಬಳದ ಲಕೋಟೆಯನ್ನು ಒಡೆಯದೆ ತಂದು ಹೆಂಡತಿಯ ಕೈಗೆ ಕೊಡುತ್ತಾನೆ. ಅವಳು ಅದನ್ನು ಮೇಜಿನ ಮೇಲೆ ಸುರಿದು, ಮನೆಗೆ ಬೇಕಾದ್ದನ್ನು ತೆಗೆದಿಟ್ಟು, ಅವನ ಬೀರಿಗೂ ತಂಬಾಕಿಗೂ ಒಂದಿಷ್ಟು ಅವನ ಕೈಗಿಡುತ್ತಾಳೆ. ಸುರಿಯದವನು ದಾರಿಯಲ್ಲೇ ಲಕೋಟೆ ಒಡೆದು, ಸಂಬಳದ ಚೀಟಿ ಹರಿದೆಸೆದು, ಮನೆಖರ್ಚಿಗೆ ಇಷ್ಟು ಅಂತ ಎಣಿಸಿ ಕೊಡುತ್ತಾನೆ. ಅವನ ಸಂಬಳ ಎಷ್ಟು ಅಂತ ಹೆಂಡತಿಗೆ ಅವನು ಹೇಳಿದಷ್ಟೇ ಗೊತ್ತು. ‘ನಮ್ಮೋನು ಸುರೀತಾನಪ್ಪ’ ಎಂದು ಹೇಳುವ ಹೆಂಗಸಿನ ಕುತ್ತಿಗೆ ಒಂದು ಅಂಗುಲ ಉದ್ದವಾಗುತ್ತಿತ್ತು. ಆಲ್ಮಾ ಅಂಥ ಮಾತು ಬಂದಾಗ ತನ್ನ ಚೀಲದಲ್ಲಿ ಏನೋ ಹುಡುಕುವವಳಂತೆ ತಲೆ ತಗ್ಗಿಸುತ್ತಿದ್ದಳು.

ಸಿರಿಲ್ ಸುರಿಯುವವನಲ್ಲ. ಹದಿನಾಲ್ಕು ಪೌಂಡ್ ಸಂಬಳ ಎನ್ನುತ್ತಿದ್ದ, ಒಂಬತ್ತು ಕೊಡುತ್ತಿದ್ದ. ಆ ಒಂಬತ್ತರಲ್ಲಿ ಬಾಡಿಗೆ, ಕಲ್ಲಿದ್ದಲು, ಊಟ, ಬಟ್ಟೆ ಎಲ್ಲ. ಹಾಸಿಗೆಯ ಬಟ್ಟೆ ನಡುವೆ ಸವೆದರೆ ಆಲ್ಮಾ ಉದ್ದಕ್ಕೆ ಕತ್ತರಿಸಿ, ಅಂಚುಗಳನ್ನು ನಡುವಿಗೆ ತಂದು ಹೊಲಿಯುತ್ತಿದ್ದಳು. ಎಲ್ಲರೂ ಒಂದು ಸಲ ಹಾಗೆ ಮಾಡುತ್ತಿದ್ದೆವು. ಅವಳು ಅದೇ ಬಟ್ಟೆಯನ್ನು ಎರಡನೆಯ ಸಲವೂ ಹಾಗೆ ಹೊಲಿದದ್ದನ್ನು ಹಗ್ಗದ ಮೇಲೆ ಒಣಗುತ್ತಿದ್ದಾಗ ನಾನೇ ನೋಡಿದ್ದೇನೆ. ನಡುವೆ ಎರಡು ಹೊಲಿಗೆ, ಮಲಗಿದರೆ ಬೆನ್ನಿಗೆ ಒತ್ತುವಂಥದ್ದು.

ಬ್ರೆಂಡಾ ಹನ್ನೊಂದು ವರ್ಷದವಳಾದಾಗ ಪರೀಕ್ಷೆ ಪಾಸು ಮಾಡಿ, ಜಾಣ ಮಕ್ಕಳನ್ನಷ್ಟೇ ಆರಿಸಿಕೊಳ್ಳುವ ಗ್ರಾಮರ್ ಶಾಲೆಗೆ ಆಯ್ಕೆಯಾದಳು. ನಮ್ಮ ಬೀದಿಯಿಂದ ಅವಳೊಬ್ಬಳೇ. ಶಾಲೆಗೆ ಫೀಸಿಲ್ಲ, ಆದರೆ ಸಮವಸ್ತ್ರ ಅವರು ಹೇಳಿದ ಅಂಗಡಿಯಲ್ಲೇ ಕೊಳ್ಳಬೇಕು. ಬ್ಲೇಜರು, ಎರಡು ಥರದ ಶೂ, ಹಾಕಿ ಕೋಲು, ಹಾಳುಮೂಳು. ಸಿರಿಲ್ ಎರಡೂ ಕೈ ಬಿಚ್ಚಿ ತೋರಿಸಿದನಂತೆ, ನನ್ನ ಹತ್ತಿರ ಎಲ್ಲಿದೆ ಅಂತ. ಆಲ್ಮಾ ತನ್ನ ತಾಯಿಯ ಗಡಿಯಾರವನ್ನು ಮಾರಿದಳು. ಬೆಂಕಿಗೂಡಿನ ಮೇಲೆ ಇಡುವಂಥದ್ದು, ಕಪ್ಪು ಕಲ್ಲಿನದು, ಗಂಟೆ ಹೊಡೆಯುವಾಗ ಒಮ್ಮೆ ಗಂಟಲು ಸರಿಮಾಡಿಕೊಂಡು ಹೊಡೆಯುತ್ತಿತ್ತು. ಮಾರಿದವಳು ಒಂದು ತಿಂಗಳು ಆ ಜಾಗವನ್ನು ಖಾಲಿ ಬಿಟ್ಟಿದ್ದಳು. ಆಮೇಲೆ ಅಲ್ಲಿ ಚಹಾಪುಡಿಯ ಡಬ್ಬಿ ಇಟ್ಟಳು.

ಈಗ ನನ್ನ ಪಾಲಿನ ಮಾತು. ಅಂಚೆಗೆ ಸೇರುವಾಗ ನಾನು ಒಂದು ಕಾಗದಕ್ಕೆ ರುಜು ಹಾಕಿದ್ದೆ. ಕೌಂಟರಿನಲ್ಲಿ ನೋಡಿದ್ದನ್ನು, ಕೇಳಿದ್ದನ್ನು, ಯಾರ ದುಡ್ಡು ಎಷ್ಟು ಎನ್ನುವುದನ್ನು ಯಾರಿಗೂ ಬಾಯಿ ಬಿಡುವುದಿಲ್ಲ ಅಂತ. ನನ್ನ ಹೆತ್ತ ತಾಯಿಗೂ ಏನೂ ಹೇಳಿದವಳಲ್ಲ. ಅದೇ ಕೌಂಟರಿಗೆ ಸಿರಿಲ್ ಶನಿವಾರ ಬೆಳಿಗ್ಗೆ ಬರುತ್ತಿದ್ದ, ಎರಡು ವಾರಕ್ಕೊಮ್ಮೆ, ಕ್ಯೂ ಇಲ್ಲದ ಹೊತ್ತು ನೋಡಿಕೊಂಡು. ಕೋಟಿನ ಒಳಜೇಬಿನಿಂದ ಉಳಿತಾಯದ ಪುಸ್ತಕ ತೆಗೆದು, ಐದು ಪೌಂಡ್ ಕಟ್ಟಿ, ಪುಸ್ತಕವನ್ನು ಮತ್ತೆ ಅಲ್ಲೇ ಸೇರಿಸಿ ಹೋಗುತ್ತಿದ್ದ. ಗಡಿಯಾರ ಮಾರಿದ ವಾರವೂ ಬಂದಿದ್ದ. ನಾನು ಹಲ್ಲು ಕಚ್ಚಿಕೊಂಡು ಮೊಹರು ಹೊಡೆದೆ. ಮಂಗಳವಾರ ಆಲ್ಮಾ ಬಂದು ಎಂಟು ಶಿಲಿಂಗ್ ತಗೊಂಡು ಹೋದಳು, ಅದಕ್ಕೂ ಹೊಡೆದೆ. ಈಗ ಇಬ್ಬರೂ ಇಲ್ಲ, ನಾನು ಬಾಯಿ ಬಿಡುತ್ತಿದ್ದೇನೆ. ಅಂಚೆಯವರು ಬಂದು ಹಿಡಿದುಕೊಂಡು ಹೋಗಲಿ.

ಸಿರಿಲ್ ಕುಡುಕನಲ್ಲ, ಇನ್ನೊಬ್ಬಳನ್ನು ಇಟ್ಟುಕೊಂಡವನೂ ಅಲ್ಲ. ಅವನು ಹತ್ತು ವರ್ಷದವನಿದ್ದಾಗ ಅವನಪ್ಪನಿಗೆ ಕೆಲಸ ಹೋಗಿತ್ತು. ನಿರುದ್ಯೋಗದ ದುಡ್ಡು ಕೊಡುವ ಮೊದಲು ಸರ್ಕಾರದ ಮನುಷ್ಯ ಮನೆಗೇ ಬಂದು, ಕುರ್ಚಿಗಳನ್ನು ಎಣಿಸಿ, ನಾಲ್ಕು ಜನಕ್ಕೆ ಆರು ಕುರ್ಚಿ ಯಾಕೆ, ಎರಡು ಮಾರಿ ಅಂದಿದ್ದನಂತೆ. ಅಂದಿನಿಂದ ಸಿರಿಲನ ತಲೆಯಲ್ಲಿ ಒಂದೇ ಹುಳ. ಕೆಲಸ ಯಾವತ್ತು ಬೇಕಾದರೂ ಹೋಗಬಹುದು, ಹೋದಾಗ ಒಂದಿಷ್ಟು ಇರಬೇಕು, ಇದೆ ಅಂತ ಯಾರಿಗೂ ಗೊತ್ತಿರಬಾರದು. ಯಾರಿಗೂ ಅನ್ನುವುದರಲ್ಲಿ ಅವನು ಹೆಂಡತಿಯನ್ನೂ ಸೇರಿಸಿದ್ದ.

ಹೀಗೇ ನಡೆಯುತ್ತಿತ್ತು. ಅರವತ್ತೆಂಟನೇ ಇಸವಿಯಲ್ಲಿ ಸರ್ಕಾರ ಭತ್ಯೆ ಏರಿಸಿತು. ವಸಂತದಲ್ಲಿ ಎಂಟಿದ್ದದ್ದು ಹದಿನೈದಾಯಿತು, ಅಕ್ಟೋಬರಿನಲ್ಲಿ ಹದಿನೆಂಟು. ಹೆಂಗಸರು ಕ್ಯೂನಲ್ಲಿ ಒಬ್ಬರನ್ನೊಬ್ಬರು ಹಿಡಿದುಕೊಂಡು ಕುಣಿಯುವುದೊಂದು ಬಾಕಿ. ಆದರೆ ದೇಶದ ಮಕ್ಕಳಿಗೆಲ್ಲ ಏರಿಸಿದರೆ ಖರ್ಚು ಕೈಮೀರುತ್ತದೆ ಅಂತ ಸರ್ಕಾರದವರು ಇನ್ನೊಂದು ಉಪಾಯ ಮಾಡಿದ್ದರು. ಏರಿಸಿದ್ದನ್ನು ತಾಯಿಯ ಕೈಗೆ ಕೊಟ್ಟು, ತಂದೆಯ ತೆರಿಗೆಯಲ್ಲಿ ವಾಪಸ್ಸು ಹಿಡಿಯುವುದು. ತೆರಿಗೆ ಬೀಳದಷ್ಟು ಕಡಿಮೆ ಸಂಬಳದವನಿಗೆ ಏನೂ ಹಿಡಿಯುವುದಿಲ್ಲ, ಅವನ ಮನೆಗೆ ಪೂರ್ತಿ ಲಾಭ. ಹೆಚ್ಚು ಸಂಬಳದವನಿಗೆ ಹೆಚ್ಚು ಕಡಿತ. ಕಾಗದದ ಮೇಲೆ ನ್ಯಾಯವಾಗಿಯೇ ಕಾಣುತ್ತಿತ್ತು. ಇದನ್ನು ಬರೆದ ದೊಡ್ಡ ಮನುಷ್ಯರಿಗೆ ಗಂಡನ ಜೇಬು, ಹೆಂಡತಿಯ ಪರ್ಸು ಎರಡೂ ಒಂದೇ ಅಂತ ಅನ್ನಿಸಿತ್ತೋ ಏನೋ.

ಕಾರ್ಖಾನೆಯಲ್ಲಿ ಗಂಡಸರು ಮೈ ಪರಚಿಕೊಂಡರು. ‘ನನ್ನ ಹೆಂಡ್ತಿ ಪುಸ್ತಕ ನನ್ನ ಲಕೋಟೆ ತಿಂತಿದೆ’ ಎನ್ನುವುದೇ ಊಟದ ಬಿಡುವಿನ ಮಾತು. ಸುರಿಯುವವರಿಗೆ ಅಷ್ಟು ನೋವಾಗಲಿಲ್ಲ, ಎಲ್ಲ ಒಂದೇ ಮೇಜಿಗೆ ಬೀಳುತ್ತಿತ್ತಲ್ಲ. ಸುರಿಯದವರಿಗೆ ಹೊಟ್ಟೆ ಉರಿಯಿತು. ಒಬ್ಬಿಬ್ಬರು ಹೆಂಡತಿಯ ಕೈಯಲ್ಲಿ ಪುಸ್ತಕ ವಾಪಸ್ಸು ಕೊಡಿಸಿಯೇಬಿಟ್ಟರು. ವಾಪಸ್ಸು ಕೊಟ್ಟರೆ ತೆರಿಗೆ ಮೊದಲಿನಷ್ಟೇ ಆಗುತ್ತದೆ, ಆದರೆ ಮನೆಗೆ ನಷ್ಟ ಎಷ್ಟು ಅಂತ ಲೆಕ್ಕ ಹಾಕುವ ತಾಳ್ಮೆ ಅವರಿಗಿರಲಿಲ್ಲ.

ಅದೇ ಅಕ್ಟೋಬರಿನಲ್ಲಿ ಬ್ರೆಂಡಾಗೆ ಹದಿನೈದು ತುಂಬಿತು. ಈಸ್ಟರಿಗೆ ಶಾಲೆ ಬಿಡಬಹುದು. ಸಿರಿಲ್ ಆಗಲೇ ಕಾರ್ಖಾನೆಯಲ್ಲಿ ಮಾತಾಡಿ ಅವಳಿಗೆ ಹೊಲಿಗೆಯ ಕೋಣೆಯಲ್ಲಿ ಜಾಗ ನೋಡಿದ್ದ. ಆಲ್ಮಾ ಒಪ್ಪಲಿಲ್ಲ. ಹುಡುಗಿ ಲೆಕ್ಕದಲ್ಲಿ ಜಾಣೆ, ಹದಿನೆಂಟರವರೆಗೆ ಓದಿಸಿ ಅಂತ ಟೀಚರು ಕರೆಸಿ ಹೇಳಿದ್ದರು. ಬಸ್ಸಿನ ದುಡ್ಡು, ಮಧ್ಯಾಹ್ನದ ಊಟದ ದುಡ್ಡು, ಪುಸ್ತಕ, ಶೂ, ಎಲ್ಲ ಆಲ್ಮಾ ಮಂಗಳವಾರದ ದುಡ್ಡಿನಿಂದಲೇ ನಡೆಸುತ್ತಿದ್ದಳು. ಆ ದುಡ್ಡು ಇರುವಷ್ಟು ದಿನ ‘ಅವಳ ಓದಿನ ಖರ್ಚು ನಿನ್ನ ಮೇಲೆ ಇಲ್ಲವಲ್ಲ’ ಎಂದು ಗಂಡನ ಬಾಯಿ ಮುಚ್ಚಿಸುತ್ತಿದ್ದಳು. ಪುಸ್ತಕ ಹೋದರೆ ಆ ಮಾತು ಹೋಯಿತು, ಬ್ರೆಂಡಾ ಈಸ್ಟರಿಗೆ ಹೊಲಿಗೆಯ ಕೋಣೆಗೆ. ಇದು ಸಿರಿಲನಿಗೂ ಗೊತ್ತಿತ್ತು.

ಅಕ್ಟೋಬರಿನ ಕೊನೆಯ ಶನಿವಾರ ಇಬ್ಬರೂ ಒಟ್ಟಿಗೆ ಬಂದರು. ಸಿರಿಲ್ ಮುಂದೆ, ಆಲ್ಮಾ ಹಿಂದೆ. ಆಲ್ಮಾ ಚಾಪೆಲ್ಲಿಗೆ ಹಾಕುವ ಹ್ಯಾಟು ಹಾಕಿದ್ದಳು. ಅದನ್ನು ನೋಡಿಯೇ ಇದು ಒಳ್ಳೆಯದಕ್ಕಲ್ಲ ಅಂದುಕೊಂಡೆ, ಯಾಕೆಂದರೆ ಅವಳು ಆ ಹ್ಯಾಟು ಹಾಕಿ ಬಜಾರಿಗೆ ಬಂದದ್ದು ಅದಕ್ಕೆ ಮುಂಚೆ ಒಂದೇ ಸಲ, ಗಡಿಯಾರ ಮಾರಲು. ನಮ್ಮ ಅಂಚೆ ಕಚೇರಿ ಅಂದರೆ ದಿನಸಿ ಅಂಗಡಿಯ ಒಂದು ಮೂಲೆ. ಒಂದು ಕಡೆ ನನ್ನ ಗಾಜು, ಇನ್ನೊಂದು ಕಡೆ ಹಂದಿಮಾಂಸ ತೆಳ್ಳಗೆ ಸೀಳುವ ಯಂತ್ರ. ಶನಿವಾರ ಬೆಳಿಗ್ಗೆ ಅಲ್ಲಿ ಏನು ಮಾತಾಡಿದರೂ ಊರಿಗೆ ಊರೇ ಕೇಳುತ್ತದೆ. ಸಿರಿಲನಿಗೆ ಅವತ್ತು ಅದೇ ಬೇಕಿತ್ತು.

“ಮಿಸ್ ಆಶ್ವರ್ತ್, ಈ ಪುಸ್ತಕ ವಾಪಸ್ ತಗೊಳ್ಳಿ,” ಅಂದ.

“ಪುಸ್ತಕ ಆಲ್ಮಾ ಹೆಸರಲ್ಲಿದೆ ಸಿರಿಲ್. ಅವಳೇ ಬರೆದು ರುಜು ಹಾಕಿ ಕೊಡಬೇಕು.”

“ಅದಕ್ಕೇ ಕರ್ಕೊಂಡ್ ಬಂದಿರೋದು. ಏ ಆಲ್ಮಾ, ಹಾಕು ರುಜು.”

ನಾನು ಆಲ್ಮಾಳನ್ನು ನೋಡಿದೆ. “ನಿನಗೆ ಒಪ್ಪಿಗೇನಾ?”

“ಒಪ್ಪಿಗೆ ಎಲ್ಲಿಂದ ಬಂತು,” ಅಂದಳು ಅವಳು. “ಮೂರು ವಾರದಿಂದ ತಟ್ಟೆ ಮುಂದೆ ಕೂತಾಗೆಲ್ಲ ಇದೇ ರಾಗ. ಮಕ್ಕಳು ಊಟ ಬಿಟ್ಟು ಎದ್ದು ಹೋಗ್ತವೆ. ಸಾಕಾಗಿ ಹೋಗಿದೆ ಕಣೇ ಐರಿಸ್.”

“ರಾಗ ಅಂತೆ ರಾಗ!” ಸಿರಿಲ್ ಕ್ಯೂನಲ್ಲಿದ್ದವರ ಕಡೆ ತಿರುಗಿದ. “ಸರ್ಕಾರ ಇವಳಿಗೆ ಮಂಗಳವಾರ ಕೊಡೋದು, ಶುಕ್ರವಾರ ನನ್ನ ಲಕೋಟೆಯಿಂದ ಕಿತ್ಕೊಳ್ಳೋದು. ಇದ್ಯಾವ ಸೀಮೆ ನ್ಯಾಯ ರೀ? ಕೇಳಿದ್ರೆ ನಂಬಲ್ಲ ಇವಳು. ನೀವೇ ನೋಡಿ ಹೇಳಿ.” ಜೇಬಿನಿಂದ ಸಂಬಳದ ಚೀಟಿ ತೆಗೆದು ಗಾಜಿನ ಕೆಳಗೆ ತಳ್ಳಿದ. ಹುಷಾರು ಮನುಷ್ಯ, ಮೇಲಿನ ಅರ್ಧವನ್ನು ಒಳಕ್ಕೆ ಮಡಿಸಿ, ತೆರಿಗೆಯ ಸಾಲು ಮಾತ್ರ ಕಾಣುವಂತೆ ಮಾಡಿ ತಂದಿದ್ದ.

“ಎಷ್ಟು ಹೆಚ್ಚಾಗಿದೆ?” ಅಂದೆ.

“ಏಳು ಶಿಲಿಂಗ್! ವಾರ ವಾರ!”

“ಅವಳಿಗೆ ಹತ್ತು ಏರಿದೆ. ನಿಮಗೆ ಏಳು ಹೋಯ್ತು. ಮನೆಗೆ ಮೂರು ಉಳೀತಲ್ಲ? ಪುಸ್ತಕನೇ ಕೊಟ್ಟುಬಿಟ್ರೆ ಹದಿನೆಂಟೂ ಹೋಗತ್ತೆ.”

“ಮನೆಗೆ ಉಳೀತು, ಸರಿ. ನನ್ನ ಲಕೋಟೆಗೆ?”

ಮಾಂಸ ಸೀಳುವ ಯಂತ್ರ ನಿಂತಿತ್ತು. ಕ್ಯೂನಲ್ಲಿ ಎರಡನೆಯವಳಾಗಿ ನೋರಾ ಟ್ಯಾಟರ್ಸಲ್ ನಿಂತಿದ್ದಳು, ಹಾವರ್ತ್ ಮನೆಯ ಪಕ್ಕದ ಗೋಡೆಯವಳು. ಅವಳಿಗೂ ಇಬ್ಬರು ಮಕ್ಕಳು, ಗಂಡ ಆರ್ಥರ್ ಅದೇ ಕಾರ್ಖಾನೆಯಲ್ಲಿ ಗೋದಾಮಿನವನು. ನೋರಾಳ ಬಾಯಿ ದೊಡ್ಡದು, ಮನಸ್ಸು ಒಳ್ಳೆಯದು. ಅವತ್ತು ಅವಳು ಸಹಾಯ ಮಾಡಲೆಂದೇ ಮಾತಾಡಿದ್ದು, ಅದರಲ್ಲಿ ನನಗೆ ಸಂಶಯವಿಲ್ಲ.

“ಏಳು ಶಿಲಿಂಗಾ? ಅಯ್ಯೋ, ಯಾರೋ ತಪ್ಪು ಬರೆದಿದಾರೆ ಕಣಪ್ಪ ಸಿರಿಲ್,” ಅಂದಳು. “ಹೋಗಿ ಸರಿಯಾಗಿ ಕೇಳು. ನಮ್ಮ ಆರ್ಥರ್‌ಗೆ ಒಂದು ಪೆನ್ನಿ ಕೂಡ ಹಿಡಿದಿಲ್ಲ.”

ಆಲ್ಮಾ ತಿರುಗಿದಳು. “ಆರ್ಥರ್‌ಗೆ ಎಷ್ಟು ಸಂಬಳ ನೋರಾ?”

“ಹದಿನಾಲ್ಕು. ನಿಮ್ಮೋನಿಗೆ ಎಷ್ಟೋ ಅಷ್ಟೇ. ಸುರೀತಾನಲ್ಲ, ನಂಗೆ ಗೊತ್ತಿರಲ್ವಾ? ಇಬ್ಬರು ಮಕ್ಕಳಿರೋನಿಗೆ ಹದಿನಾಲ್ಕಕ್ಕೆ ತೆರಿಗೆನೇ ಬೀಳಲ್ವಂತೆ. ಯೂನಿಯನ್ನೋರು ಹೇಳಿದ್ರು.”

ನೋರಾಳ ಮುಖ ನಿಧಾನವಾಗಿ ಕೆಂಪಗಾಯಿತು, ಅವಳಿಗೂ ಅರ್ಥವಾಯಿತು. ಸಿರಿಲ್ ಕೈಯನ್ನು ಗಾಜಿನ ಕೆಳಗೆ ಚಾಚಿದ. “ಚೀಟಿ ಕೊಡಿ ಇಲ್ಲಿ.”

“ಐರಿಸ್,” ಅಂದಳು ಆಲ್ಮಾ, “ಆ ಚೀಟಿ ನನಗೆ ಕೊಡು.”

ಉಳಿತಾಯ ಪುಸ್ತಕದ ವಿಷಯಕ್ಕೆ ನನ್ನ ಬಾಯಿಗೆ ಬೀಗ ಬಿದ್ದಿತ್ತು. ಸಂಬಳದ ಚೀಟಿಯ ಬಗ್ಗೆ ನಾನು ಯಾವ ಕಾಗದಕ್ಕೂ ರುಜು ಹಾಕಿರಲಿಲ್ಲ. ಮತ್ತೆ ಕೌಂಟರಿನಲ್ಲಿ ಒಂದು ಪದ್ಧತಿ ಇದೆ. ಕೆಲಸ ಯಾರ ಪುಸ್ತಕದ್ದೋ, ಅದಕ್ಕೆ ಸೇರಿದ ಕಾಗದವೆಲ್ಲ ಅವರ ಕೈಗೇ ಹೋಗಬೇಕು. ಅವತ್ತಿನ ಕೆಲಸ ಆಲ್ಮಾಳ ಪುಸ್ತಕದ್ದು. ನಾನು ಮಡಿಕೆ ಬಿಚ್ಚಿ, ಚೀಟಿಯನ್ನು ಬೆರಳಿನಿಂದ ಸವರಿ ನೇರ ಮಾಡಿ, ಅವಳ ಕಡೆ ತಳ್ಳಿದೆ. ಪದ್ಧತಿಗಾಗಿ ತಳ್ಳಿದೆ ಎಂದರೆ ಸುಳ್ಳಾಗುತ್ತದೆ. ಮೂರು ವರ್ಷದ ಸಿಟ್ಟು ನನ್ನ ಬೆರಳಲ್ಲಿತ್ತು.

ಆಲ್ಮಾ ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡಳು. ಮೊದಲ ಸಾಲನ್ನು ಓದಿದಳು, ಕೂಗದೆ, ಬೆಲೆ ಓದುವಂತೆ. “ಹತ್ತೊಂಬತ್ತು ಪೌಂಡ್ ನಾಲ್ಕು ಶಿಲಿಂಗ್.”

“ಅದು ಕೈಗೆ ಬರೋದಲ್ಲ, ಅದು ಮೇಲಿನ ಲೆಕ್ಕ...” ಸಿರಿಲ್ ತೊದಲಿದ.

“ಯಾವಾಗಿಂದ?”

ಅವನು ಮಾಂಸದ ಯಂತ್ರದ ಕಡೆ ಮುಖ ತಿರುಗಿಸಿದ.

“ಬ್ರೆಂಡಾ ಪಾಸಾದಾಗ ಎಷ್ಟಿತ್ತು?”

“ಹದಿನಾರೋ ಹದಿನೇಳೋ...”

“ಅಮ್ಮನ ಗಡಿಯಾರ, ಸಿರಿಲ್,” ಅಂದಳು ಆಲ್ಮಾ.

ಅಷ್ಟೇ ಅಂದಳು. ಅವನ ಕುತ್ತಿಗೆ ಕಾಲರಿನೊಳಗೆ ಇಳಿದು ಹೋದಂತೆ ಕಂಡಿತು. ಅವಳು ಮತ್ತೆ ಕೇಳಿದಳು, “ಉಳಿದಿದ್ದೆಲ್ಲ ಎಲ್ಲಿ?” ಅವನ ಕಣ್ಣು ತಾನಾಗಿಯೇ ಗಾಜಿನ ಈಚೆಗೆ, ನನ್ನ ಕಡೆಗೆ, ನನ್ನ ಹಿಂದಿನ ಉಳಿತಾಯದ ಡ್ರಾಯರಿನ ಕಡೆಗೆ ಬಂತು. ಆಲ್ಮಾ ಅವನ ಕಣ್ಣು ಹೋದ ದಾರಿಯಲ್ಲೇ ಬಂದು ನನ್ನನ್ನು ನೋಡಿದಳು.

“ನಿನಗೆ ಗೊತ್ತಿತ್ತು,” ಅಂದಳು.

ನಾನು ಮೊಹರಿನ ಮರದ ಹಿಡಿಯನ್ನು ಹಿಡಿದುಕೊಂಡು ಕೂತಿದ್ದೆ. ಹೌದು ಅನ್ನುವ ಹಾಗಿಲ್ಲ, ಇಲ್ಲ ಅನ್ನುವ ಮುಖವಿಲ್ಲ. ನನ್ನ ಜನ್ಮದಲ್ಲಿ ಅಷ್ಟು ನಾಚಿಕೆಯಾದದ್ದು ಇನ್ನೊಂದು ಸಲ ಇಲ್ಲ.

ಆಲ್ಮಾ ಭತ್ಯೆಯ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡಳು. ಚೀಟಿಯನ್ನು ಮಡಿಸಿ ಅದರೊಳಗೇ ಇಟ್ಟಳು. “ನಾನು ರುಜು ಹಾಕಲ್ಲ. ಬ್ರೆಂಡಾ ಶಾಲೆ ಬಿಡಲ್ಲ. ನಡಿ ಮನೆಗೆ, ಒಲೆ ಮೇಲೆ ಆಲೂಗಡ್ಡೆ ಇಟ್ಟು ಬಂದಿದೀನಿ.” ಅವನು ಅವಳ ಹಿಂದೆ ಹೊರಟ. ಬರುವಾಗ ಮುಂದೆ ಬಂದಿದ್ದವನು.

ಮುಂದಿನ ಶುಕ್ರವಾರದ ಕಥೆ ನನಗೆ ನೋರಾ ಹೇಳಿದ್ದು, ಆ ಮನೆಗಳ ಗೋಡೆ ತೆಳು. ಸಿರಿಲ್ ಲಕೋಟೆಯನ್ನು ಒಡೆಯದೆ ತಂದು ಮೇಜಿನ ಮೇಲೆ ಇಟ್ಟನಂತೆ. ಆಲ್ಮಾ ಅದನ್ನು ಸುರಿದಳು, ನೋಟುಗಳನ್ನು ಬೇರೆ, ಚಿಲ್ಲರೆಯನ್ನು ಬೇರೆ ಮಾಡಿ ಬಾಡಿಗೆಗೆ, ಕಲ್ಲಿದ್ದಲಿಗೆ, ಬ್ರೆಂಡಾಳ ಬಸ್ಸಿಗೆ ಅಂತ ತೆಗೆದಿಟ್ಟಳು. ಎಲ್ಲ ಮುಗಿದ ಮೇಲೆ ಅವನು ಕೈ ಚಾಚಿ ಕಾದನಂತೆ.

“ನನಗೆ?”

“ನಿನಗೆ ಮಂಗಳವಾರ.”

ಮಂಗಳವಾರ ಆಲ್ಮಾ ಬಂದು ಚೀಟಿ ಕೊಟ್ಟು ಹದಿನೆಂಟು ಶಿಲಿಂಗ್ ತಗೊಂಡಳು. ನನ್ನ ಮುಖ ನೋಡಲಿಲ್ಲ, ಗುಡ್ ಮಾರ್ನಿಂಗ್ ಕೂಡ ಇಲ್ಲ. ಸಂಜೆ ಆ ಹದಿನೆಂಟನ್ನೂ ಒಂದೂ ಮುರಿಯದೆ ಸಿರಿಲನ ತಟ್ಟೆಯ ಪಕ್ಕ ಇಟ್ಟಳಂತೆ. “ನಿನ್ನ ಲಕೋಟೆಯಿಂದ ಕಿತ್ಕೊಂಡ ದುಡ್ಡು ಅಂದ್ಯಲ್ಲ, ತಗೋ. ವಾಪಸ್ ಬಂತು. ಇನ್ನು ಮೇಲೆ ಇದೇ ನಿನ್ನ ಕೈಖರ್ಚು, ಮಂಗಳವಾರ ಮಂಗಳವಾರ ಬರತ್ತೆ.”

ಹಾಗೇ ಆಯಿತು. ಮೂರೂಮುಕ್ಕಾಲು ವರ್ಷ ಸಿರಿಲ್ ಹಾವರ್ತ್ ಮಕ್ಕಳ ಭತ್ಯೆಯಲ್ಲಿ ಬೀರು ಕುಡಿದ, ತಂಬಾಕು ಸೇದಿದ. ಕಾರ್ಖಾನೆಯಲ್ಲಿ ಅವನಿಗೆ ‘ಆಲ್ಮಾನ ಮೂರನೇ ಕೂಸು’ ಅಂತಲೇ ಹೆಸರು ಬಿತ್ತು. ಬುಧವಾರ ಬೆಳಿಗ್ಗೆ ಗೇಟಿನಲ್ಲಿ ಯಾರಾದರೊಬ್ಬರು, “ಏನ್ ಸಿರಿಲ್, ಬಂತಾ 'ಮಿಠಾಯಿ ಕಾಸು'?” ಅನ್ನದೆ ಬಿಡುತ್ತಿರಲಿಲ್ಲ. ಮೊದಮೊದಲು ಮುಖ ಸಿಂಡರಿಸುತ್ತಿದ್ದ. ಆಮೇಲಾಮೇಲೆ ಅವನೇ “ಬಂತು, ಹಾಲಿಗೂ ಸಾಲದು” ಅಂತ ತಿರುಗಿ ಹೇಳುವಷ್ಟಾದ. ಒಳ್ಳೆಯತನ ಇತ್ತು ಮನುಷ್ಯನಲ್ಲಿ, ಹೆದರಿಕೆಯ ಅಡಿಯಲ್ಲಿ ಸಿಕ್ಕಿಹಾಕಿಕೊಂಡಿತ್ತು.

ಉಳಿತಾಯದ ಪುಸ್ತಕವನ್ನು ಅವನೇ ಒಂದು ಶನಿವಾರ ತಂದು ದುಡ್ಡು ತೆಗೆದ. ಎರಡು ಜೊತೆ ಹೊಸ ಹಾಸಿಗೆ ಬಟ್ಟೆ ಕೊಂಡ. ಆ ಹಳೆಯ ಗಡಿಯಾರವನ್ನು ಹುಡುಕಿಕೊಂಡು ಮೂರು ಊರಿನ ಹಳೇ ಸಾಮಾನಿನ ಅಂಗಡಿಗಳನ್ನೆಲ್ಲ ಸುತ್ತಿದ, ಸಿಗಲಿಲ್ಲ. ಕೊನೆಗೆ ಹೊಸದೊಂದನ್ನು ತಂದು ಚಹಾಪುಡಿಯ ಡಬ್ಬಿ ಸರಿಸಿ ಅಲ್ಲಿಟ್ಟ. ಬಟ್ಟೆಯನ್ನು ಆಲ್ಮಾ ಅವತ್ತೇ ಹಾಸಿದಳು. ಗಡಿಯಾರಕ್ಕೆ ಮಾತ್ರ ಕೀಲಿ ಕೊಡಲಿಲ್ಲ, ತೀರಿಕೊಳ್ಳುವವರೆಗೂ ಕೊಡಲಿಲ್ಲ. ಅದು ಏಳೂ ಹತ್ತು ತೋರಿಸುತ್ತಾ ನಿಂತಿರುತ್ತಿತ್ತು. ಹೊತ್ತು ತಿಳಿಯಬೇಕಾದರೆ ಅವಳು ಕಾರ್ಖಾನೆಯ ಸೈರನ್ನಿಗೆ ಕಿವಿ ಕೊಡುತ್ತಿದ್ದಳು.

ನನ್ನೊಡನೆ ಮಾತು ಬಿಟ್ಟವಳು ಕ್ರಿಸ್‌ಮಸ್ ಹಿಂದಿನ ಮಂಗಳವಾರ ಚೀಟಿಯ ಜೊತೆ ಕಾಗದದಲ್ಲಿ ಸುತ್ತಿದ ಒಂದು ಪೈ ತಂದಳು. ಗಾಜಿನ ಕೆಳಗೆ ತೂರಲಿಲ್ಲ, ಪಕ್ಕದ ಬಾಗಿಲು ತೆಗೆದು ಈಸಿಕೊಂಡೆ.

“ನಿನ್ನ ಜಾಗದಲ್ಲಿ ನಾನಿದ್ದಿದ್ರೆ ಹೇಳಿಬಿಡ್ತಿದ್ದೆ,” ಅಂದಳು. “ಕೆಲಸ ಹೋದ್ರೆ ಹೋಗ್ಲಿ ಅಂತ.”

“ಗೊತ್ತು,” ಅಂದೆ.

“ಸದ್ಯ ಚೀಟಿನಾದ್ರೂ ನನ್ನ ಕಡೆ ತಳ್ಳಿದ್ಯಲ್ಲ. ತಿನ್ನು, ಬಿಸಿ ಇದೆ.”

ಮೆಣಸು ಜಾಸ್ತಿಯಾಗಿತ್ತು. ಕಣ್ಣಲ್ಲಿ ನೀರು ಬಂತು, ಮೆಣಸಿನ ಮೇಲೆ ಹಾಕಿದೆ.

ಬ್ರೆಂಡಾ ಎಪ್ಪತ್ತೆರಡರ ಬೇಸಿಗೆಯಲ್ಲಿ, ಹದಿನೆಂಟು ವರ್ಷದವಳು, ಕೊನೆಯ ಪರೀಕ್ಷೆ ಪಾಸು ಮಾಡಿದಳು. ಲೆಕ್ಕ ಕಲಿಸುವ ಟೀಚರಾಗಲು ಟ್ರೈನಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಅಲ್ಲಿಗೆ ಭತ್ಯೆಯ ಪುಸ್ತಕವೂ ಮುಗಿಯಿತು. ಲಿನೆಟ್ ಇನ್ನೂ ಶಾಲೆಯಲ್ಲಿದ್ದಳು, ಆದರೆ ಸರ್ಕಾರಕ್ಕೆ ಅವಳು ಈಗ ಮೊದಲ ಮಗು. ಅಷ್ಟರಲ್ಲಿ ಶಿಲಿಂಗ್ ಹೋಗಿ ಹೊಸ ನಾಣ್ಯ ಬಂದಿತ್ತು, ಹದಿನೆಂಟು ಶಿಲಿಂಗ್ ತೊಂಬತ್ತು ಪೆನ್ಸ್ ಆಗಿತ್ತು. ನಾವೆಲ್ಲ ಹದಿನೆಂಟು ಅಂತಲೇ ಕರೆಯುತ್ತಿದ್ದೆವು.

ಕೊನೆಯ ಮಂಗಳವಾರ ಕಾರ್ಖಾನೆಗೆ ಬೇಸಿಗೆಯ ರಜೆ. ಸಿರಿಲ್ ಹೆಂಡತಿಯ ಜೊತೆ ಬಂದಿದ್ದ, ಈ ಸಲ ಅವಳ ಪಕ್ಕದಲ್ಲಿ ನಿಂತಿದ್ದ. ನಾನು ಕೊನೆಯ ಚೀಟಿಗೆ ಮೊಹರು ಹೊಡೆದು, ಖಾಲಿ ರಟ್ಟನ್ನು ನನ್ನ ಹತ್ತಿರ ಇಟ್ಟುಕೊಂಡು, ದುಡ್ಡು ತಳ್ಳಿದೆ. ಆಲ್ಮಾ ಅದನ್ನು ಹಾಗೇ ಅವನ ಅಂಗೈಗೆ ಹಾಕಿದಳು. ಅವನು ಒಂದು ಸಲ ದುಡ್ಡನ್ನೂ ಒಂದು ಸಲ ಖಾಲಿ ರಟ್ಟನ್ನೂ ನೋಡಿದ.

“ಹಾಗಾದ್ರೆ ಮುಂದಿನ ಮಂಗಳವಾರ ನನಗೆ?”

“ಇನ್ನು ಸಿಗಲ್ಲ ಸಿರಿಲ್,” ಅಂದಳು ಆಲ್ಮಾ, ಚೀಲದ ಕೊಂಡಿ ಹಾಕುತ್ತಾ. “ನೀನೂ ದೊಡ್ಡವನಾದೆ.”